ಊಟದ ಹೊತ್ತಿಗೆ ಮಾತ್ರ ಬರುತ್ತಿದ್ದ ದೋಷ

೨೦೦೬ರಲ್ಲಿ ನಾನು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ವರದಿ ತಿದ್ದುವ ಕೆಲಸದಲ್ಲಿದ್ದೆ. ಹೊರದೇಶದವರು ತಯಾರಿಸುವ ವಿಡಿಯೋ ಗೇಮ್‌ಗಳು ಅಂಗಡಿಗೆ ಹೋಗುವ ಮೊದಲು ನಮ್ಮಲ್ಲಿಗೆ ಬರುತ್ತಿದ್ದವು. ಹುಡುಗರು ಬೆಳಗಿನಿಂದ ಸಂಜೆವರೆಗೆ ಅವನ್ನು ಆಡಿ, ಆಟ ಎಲ್ಲಿ ಕೆಡುತ್ತದೆ ಎಂದು ಹುಡುಕುತ್ತಿದ್ದರು. ಹಾಗೆ ಸಿಕ್ಕ ದೋಷಕ್ಕೆ ಬಗ್ ಎಂದು ಹೆಸರು. ಅವರು ಬರೆದ ಬಗ್ ರಿಪೋರ್ಟಿನ ಇಂಗ್ಲಿಷ್ ತಿದ್ದಿ, ಯಾವ ಬಟನ್ ಒತ್ತಿದ ಮೇಲೆ ಏನಾಯಿತು ಎಂಬ ಹಂತಗಳನ್ನು ಕ್ರಮವಾಗಿ ಜೋಡಿಸಿ ಕಳಿಸುವುದು ನನ್ನ ಪಾಲಿನ ಕೆಲಸ. ಅದಕ್ಕೂ ಮುಂಚೆ ಅದೇ ರಸ್ತೆಯ ಕಾರ್ಖಾನೆಯೊಂದರಲ್ಲಿ ಸ್ಟೆನೋ ಆಗಿದ್ದೆ. ಅದು ಬಾಗಿಲು ಹಾಕಿತು. ಕಂಪ್ಯೂಟರ್ ಕಲಿತು ಇಲ್ಲಿ ಸೇರಿದಾಗ ನನಗೆ ನಲವತ್ತಾರು. ಸುತ್ತ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು.

ಆಗ ಕೆಂಗೇರಿ ಉಪನಗರದಲ್ಲಿ ಒಬ್ಬಳೇ ಇದ್ದೆ. ಅಮ್ಮ ಹೋಗಿ ವರ್ಷ ತುಂಬಿತ್ತು. ಒಬ್ಬರಿಗೆ ಅಡಿಗೆ ಮಾಡಿಕೊಂಡವರಿಗೆ ಗೊತ್ತಿರುತ್ತದೆ, ಎಷ್ಟು ಕಡಿಮೆ ಬೇಳೆ ಹಾಕಿದರೂ ಸಾರು ಮಾರನೆಯ ದಿನಕ್ಕೆ ಉಳಿಯುತ್ತದೆ. ಅದನ್ನೇ ಅನ್ನಕ್ಕೆ ಕಲಸಿ ಡಬ್ಬಿಗೆ ತುಂಬಿಕೊಂಡು ಬಸ್ ಹತ್ತುತ್ತಿದ್ದೆ. ಮಧ್ಯಾಹ್ನ ಹುಡುಗರು ಗುಂಪಾಗಿ ಕೆಳಗಿನ ದರ್ಶಿನಿ ಹೋಟೆಲಿಗೆ ಹೋಗುತ್ತಿದ್ದರು. ಮೊದಲ ವಾರ "ಬನ್ನಿ ಮೇಡಂ" ಎಂದು ಕರೆದರು, ನಾನೂ ಹೋದೆ. ನಾನಿದ್ದರೆ ಅವರ ಮಾತು ಕಡಿಮೆಯಾಗುತ್ತದೆ ಎಂದು ಎರಡನೇ ದಿನಕ್ಕೇ ತಿಳಿಯಿತು. ಆಮೇಲೆ ಡಬ್ಬಿ ಇದೆ ಎಂದು ನಾನೇ ಉಳಿದುಬಿಟ್ಟೆ. ಕರೆಯುವುದನ್ನು ಅವರೂ ನಿಲ್ಲಿಸಿದರು. ಅದರಲ್ಲಿ ಯಾರದೂ ತಪ್ಪಿರಲಿಲ್ಲ.

ಆ ವರ್ಷ ನಮಗೆ ಬಂದದ್ದು ಅಮೆರಿಕನ್ ಫುಟ್‌ಬಾಲ್ ಆಟ. ನಮ್ಮಲ್ಲಿ ಒಬ್ಬರೂ ಆ ಆಟವನ್ನು ಕಣ್ಣಾರೆ ನೋಡಿದವರಲ್ಲ. ಕಾಲಲ್ಲಿ ಒದೆಯುವುದು ಅಪರೂಪ, ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು, ಆದರೂ ಫುಟ್‌ಬಾಲ್ ಎಂದೇಕೆ ಕರೆಯುತ್ತಾರೆ ಎನ್ನುವಲ್ಲಿಂದ ಶುರುಮಾಡಿದೆವು. ಓದುಗರಿಗೂ ಸ್ವಲ್ಪ ಹೇಳಬೇಕು. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಇರುವ ತಂಡದಲ್ಲಿ ಅದನ್ನು ಮುಂದಕ್ಕೆ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎದುರಿನವರು, ಅಂದರೆ ರಕ್ಷಣೆಯ ತಂಡದವರು, ಅವನು ಎಸೆಯುವ ಮೊದಲೇ ಅವನನ್ನು ಕೆಡವಲು ನೋಡುತ್ತಾರೆ. ಸಾಮಾನ್ಯವಾಗಿ ನಾಲ್ವರು ನುಗ್ಗುತ್ತಾರೆ. ಅದು ಸಾಲದೆಂದು ಹಿಂದೆ ಕಾವಲಿರುವ ಒಬ್ಬಿಬ್ಬರನ್ನೂ ಸೇರಿಸಿ ನುಗ್ಗಿಸಿದರೆ ಅದಕ್ಕೆ ಬ್ಲಿಟ್ಜ್ ಎನ್ನುತ್ತಾರೆ.

ನಮ್ಮ ಹುಡುಗರಿಗೆ ಬ್ಲಿಟ್ಜ್ ಬಹಳ ಹಿಡಿಸಿತು. ಕಬಡ್ಡಿ ನೋಡಿ ಬೆಳೆದವರು. ಬಂದವನನ್ನು ಎಲ್ಲರೂ ಸೇರಿ ಮುತ್ತಿ ಹಿಡಿಯುವುದು ಅವರಿಗೆ ಸಹಜವಾಗಿತ್ತು. ಪ್ರತಿ ಸಲವೂ ಅದನ್ನೇ ಆರಿಸಿದರು. ಕೆಲವು ಸಲ ಕ್ವಾರ್ಟರ್‌ಬ್ಯಾಕ್ ಬೀಳುತ್ತಿದ್ದ. ಕೆಲವು ಸಲ ಅವನು ಚೆಂಡನ್ನು ಬೇಗ ಎಸೆದುಬಿಟ್ಟರೆ ಅದನ್ನು ಹಿಡಿದವನ ಹತ್ತಿರ ನಮ್ಮವರು ಯಾರೂ ಇರದೆ, ಅವನು ಮೈದಾನದ ಕೊನೆಯವರೆಗೆ ಓಡಿ ಹೋಗುತ್ತಿದ್ದ. ಆಟಗಾರ ಕಾಣೆಯಾಗಿದ್ದಾನೆ, ಕಾವಲು ಇಲ್ಲ ಎಂದು ಕಂತೆಗಟ್ಟಲೆ ರಿಪೋರ್ಟ್ ಬರೆದೆವು. ನಾನೇ ತಿದ್ದಿ ಕಳಿಸಿದೆ. ಗ್ರಾಹಕ ಕಂಪನಿಯಿಂದ ಒಂದೇ ಸಾಲಿನ ಉತ್ತರ ಬಂತು: ಇದು ದೋಷವಲ್ಲ, ಬ್ಲಿಟ್ಜ್ ಮಾಡಿದ್ದಕ್ಕೆ ತೆರಬೇಕಾದ ಬೆಲೆ. ಮುಂದೆ ಜನ ಹೆಚ್ಚಾದರೆ ಹಿಂದೆ ಖಾಲಿಯಾಗುತ್ತದೆ ಎನ್ನುವುದನ್ನು ನಾವು ಹಾಗೆ ಕಲಿತೆವು.

ಅಲ್ಲಿಂದ ಗ್ರಾಹಕರಿಗೆ ನಮ್ಮ ಮೇಲಿನ ನಂಬಿಕೆ ಹೋಯಿತು. ನಮ್ಮ ಟೀಮ್ ಲೀಡ್ ಬಸವೇಶ್ವರನಗರದ ಪ್ರದೀಪ್ ಎಂಬ ಚುರುಕಿನ ಹುಡುಗ. ಮೇಲಿನವರ ಮಾತನ್ನು ಅವನೇ ತಂದು ಹೇಳಿದ: ಇನ್ನು ಮುಂದೆ ಯಾರ ರಿಪೋರ್ಟ್ ಸುಳ್ಳೆಂದು ಪದೇಪದೇ ವಾಪಸ್ ಬರುತ್ತದೋ ಅವರು ಈ ಕೆಲಸದಲ್ಲಿ ಇರುವುದಿಲ್ಲ.

ಆ ಮಾತು ಹೆಚ್ಚಾಗಿ ಬಡಿದದ್ದು ಶರಣು ಎಂಬ ಹುಡುಗನಿಗೆ. ಬಾಗಲಕೋಟೆ ಕಡೆಯವನು, ಹೇರೋಹಳ್ಳಿಯಲ್ಲಿ ಗೆಳೆಯನ ರೂಮಿನಲ್ಲಿದ್ದ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕೆಲಸ ಹೋದರೆ ಊರಿಗೆ ವಾಪಸ್. ಅವನ ಮಾತು ಕೇಳಿ ಉಳಿದವರು ನಗುತ್ತಿದ್ದರು, ಅವನೂ ನಗುತ್ತಿದ್ದ, ಆದರೆ ಊಟಕ್ಕೆ ಅವರ ಜೊತೆ ಹೋಗುತ್ತಿರಲಿಲ್ಲ. ಮನೆಯಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿಕೊಂಡು ತಾನು ಆಟ ಆಡುವ ಟಿವಿಯ ಮುಂದೆಯೇ ಕೂರುತ್ತಿದ್ದ. ಹೀಗೆ ಮಧ್ಯಾಹ್ನದ ಆ ದೊಡ್ಡ ಕೋಣೆಯಲ್ಲಿ ನಾವಿಬ್ಬರು ಉಳಿಯುತ್ತಿದ್ದೆವು. ಅವನು ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ.

ಒಂದು ದಿನ ಅವನು ಆಟ ಆಡಿಸುವ ಬಟನ್‌ಗಳಿರುವ ಎರಡನೇ ಕಂಟ್ರೋಲರ್ ತಂದು ನನ್ನ ಮುಂದೆ ಹಿಡಿದ.

"ಮೇಡಂ, ಇದನ್ನ ಒಂದೀಟ ಹಿಡ್ಕೋರಿ. ಇಬ್ರೂ ಒಂದ ತಂಡ."

"ನಂಗೆ ಬಟನ್ ಯಾವುದು ಅಂತಾನೇ ಗೊತ್ತಿಲ್ಲಪ್ಪ."

"ಗೊತ್ತಿರೂದು ಬ್ಯಾಡ್ರಿ. ಎಲ್ಲಾರಕ್ಕಿಂತ ಹಿಂದ ಒಬ್ಬ ನಿಂತಾನಲ್ರಿ, ಅವನ್ನ ತಗೋರಿ. ಸುಮ್ನ ನಿಂದರ್ರಿ."

ಆ ಹಿಂದಿನವನಿಗೆ ಸೇಫ್ಟಿ ಎಂದು ಹೆಸರು. ಎಲ್ಲರೂ ನುಗ್ಗಿದಾಗಲೂ ದೂರದಲ್ಲಿ ಕಾವಲು ನಿಲ್ಲುವವನು. ನನಗೆ ಅವನೇ ಸರಿ ಎನಿಸಿತು. ಶರಣು ಮುಂದಿನಿಂದ ನುಗ್ಗುವವನನ್ನು ಆಡಿಸುತ್ತಿದ್ದ. ನನ್ನ ಸೇಫ್ಟಿ ಎಷ್ಟು ಹಿಂದೆ ಇರುತ್ತಿದ್ದನೆಂದರೆ ಟಿವಿಯ ಪರದೆಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಕಾಣದ ಒಬ್ಬನನ್ನು ಕೈಯಲ್ಲಿ ಹಿಡಿದುಕೊಂಡು ನಾನು ಡಬ್ಬಿಯ ಅನ್ನ ಮುಗಿಸುತ್ತಿದ್ದೆ. ದಿನವೂ ಅದು ರೂಢಿಯಾಯಿತು. ಮಧ್ಯಾಹ್ನ ಯಾವಾಗ ಆಗುತ್ತದೆ ಎಂದು ಗಡಿಯಾರ ನೋಡುವುದು ನನಗೆ ಆಗ ಶುರುವಾಯಿತು.

ಆ ಹೊತ್ತಿನಲ್ಲೇ ಶರಣು ಒಂದು ವಿಚಿತ್ರ ಕಂಡ. ಬ್ಲಿಟ್ಜ್ ಬಂದಾಗ ಕ್ವಾರ್ಟರ್‌ಬ್ಯಾಕ್‌ನ ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕ್ ಎಂಬಾತ ಅಡ್ಡ ನಿಂತು, ನುಗ್ಗಿದವನನ್ನು ತಡೆಯಬೇಕು. ಆ ಆಟಗಾರನನ್ನು ಕಂಪ್ಯೂಟರೇ ನಡೆಸುತ್ತದೆ. ಅವನು ತಡೆಯುತ್ತಲೇ ಇರಲಿಲ್ಲ. ಶರಣುವಿನವನು ಪಕ್ಕದಲ್ಲೇ ಹಾದುಹೋದರೂ ಕಂಬದಂತೆ ನಿಂತಿರುತ್ತಿದ್ದ. ಹತ್ತಕ್ಕೆ ಹತ್ತು ಸಲವೂ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಹಿಂದಿನ ಪಾಠದಿಂದ ಇದರ ಗಂಭೀರತೆ ನಮಗೆ ಅರ್ಥವಾಗಿತ್ತು. ಬೆಲೆಯೇ ಇಲ್ಲದ ಬ್ಲಿಟ್ಜ್ ಸಿಕ್ಕಿದರೆ ಆಡುವವರು ಬೇರೆ ಯಾವ ತಂತ್ರವನ್ನೂ ಮುಟ್ಟುವುದಿಲ್ಲ, ಆಟವೇ ಸತ್ತಹಾಗೆ. ಶರಣು ರಿಪೋರ್ಟ್ ಬರೆದ, ನಾನು ತಿದ್ದಿದೆ. ವಾಪಸ್ ಬಂತು: ನಮ್ಮಲ್ಲಿ ಹೀಗಾಗುತ್ತಿಲ್ಲ. ಇನ್ನೊಮ್ಮೆ ಕಳಿಸಿದೆವು. ಮತ್ತೆ ಅದೇ ಉತ್ತರ.

ಮೂರನೆಯ ಸಲ ಕಳಿಸುವ ಮುನ್ನ ಪ್ರದೀಪ್ ತಾನೇ ಬಂದು ಕುಳಿತ. ಅದು ಶುಕ್ರವಾರ ಬೆಳಿಗ್ಗೆ. ಸಂಜೆ ಗ್ರಾಹಕರ ಫೋನ್ ಇತ್ತು.

"ತೋರ್ಸು ಗುರು."

ಶರಣು ಆಡಿದ. ರನ್ನಿಂಗ್ ಬ್ಯಾಕ್ ಚೆನ್ನಾಗಿ ಅಡ್ಡ ನಿಂತು ಅವನನ್ನು ತಡೆದ. ಇನ್ನೊಮ್ಮೆ, ಮತ್ತೊಮ್ಮೆ. ಒಂದು ಸಲವೂ ದೋಷ ಬರಲಿಲ್ಲ.

"ಮಧ್ಯಾನ ಬರ್ತೈತ್ರಿ ಸರ, ಊಟದ ಹೊತ್ತಿಗೆ."

ಕೋಣೆಯೆಲ್ಲ ನಕ್ಕಿತು. "ಏನ್ ಮಗಾ, ನಿನ್ ಬಗ್‌ಗೆ ರೊಟ್ಟಿ ವಾಸ್ನೆ ಬೇಕಾ?" ಎಂದ ಯಾರೋ.

"ನಾ ಸುಳ್ಳ ಹೇಳಾಕತ್ತಿಲ್ಲರಿ. ಮೇಡಂನೂ ನೋಡ್ಯಾರ."

ಮಧ್ಯಾಹ್ನ ನಾವಿಬ್ಬರೂ ಎರಡು ಕಂಟ್ರೋಲರ್ ಹಿಡಿದು ಆಡುತ್ತೇವೆ ಎಂದು ನಾನು ಹೇಳಿದೆ. ಪ್ರದೀಪ್ ತಾನೇ ಎರಡನೆಯದನ್ನು ತೆಗೆದುಕೊಂಡು ಸೇಫ್ಟಿಯನ್ನು ಹಿಡಿದ. ಆಟ ಶುರುವಾದ ಕೂಡಲೇ ಅವನೂ ನುಗ್ಗಿದ. ದೋಷ ಬರಲಿಲ್ಲ. ಇನ್ನೊಬ್ಬ ಅದನ್ನು ಹಿಡಿದ, ಅವನೂ ನುಗ್ಗಿದ. ಬರಲಿಲ್ಲ.

ಪ್ರದೀಪ್ ಎದ್ದು ನಿಂತು ಮೆಲ್ಲಗೆ ಹೇಳಿದ: "ಶರಣು, ಇದು ಇನ್ನೊಂದ್ ಸಲ ವಾಪಸ್ ಬಂದ್ರೆ ನಾನೇನೂ ಮಾಡೋಕಾಗಲ್ಲ ಕಣೋ. ಸಂಜೆ ಒಳಗೆ ಸಿಕ್ರೆ ಸರಿ, ಇಲ್ಲಾಂದ್ರೆ ಬಿಟ್ಬಿಡು."

ಮಧ್ಯಾಹ್ನ ಅವರೆಲ್ಲ ಊಟಕ್ಕೆ ಇಳಿದರು. ಶರಣು ಡಬ್ಬಿ ಬಿಚ್ಚಲಿಲ್ಲ. ನಾನೇ ಎದ್ದು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತು ಕಂಟ್ರೋಲರ್ ಎತ್ತಿಕೊಂಡೆ. ಆಡಿದೆವು. ದೋಷ ಬಂತು. ಇನ್ನೊಮ್ಮೆ ಆಡಿದೆವು, ಮತ್ತೆ ಬಂತು.

"ನೋಡ್ರಿ! ನೋಡ್ರಿ ಮೇಡಂ! ಈಗ ಯಾರೂ ಇಲ್ಲ!" ಅವನ ದನಿ ಅಳುವಿನ ಹತ್ತಿರ ಇತ್ತು.

ಆಗ ನಾನು ಕೇಳಿದ್ದು ಬುದ್ಧಿವಂತಿಕೆಯಿಂದಲ್ಲ. ಇಷ್ಟು ದಿನ ಆಡಿಯೂ ನನ್ನ ಆಟಗಾರನ ಮುಖವನ್ನು ನಾನು ನೋಡಿರಲಿಲ್ಲ. "ಶರಣು, ಆಗಿದ್ದನ್ನ ತಿರುಗಿ ತೋರ್ಸುತ್ತಲ್ಲ, ಅದರಲ್ಲಿ ಕ್ಯಾಮೆರಾನ ನನ್ನವನ ಕಡೆ ತಿರುಗ್ಸಪ್ಪ. ಎಲ್ಲಿ ನಿಂತಿದಾನೆ ನೋಡೋಣ."

ಅವನು ರೀಪ್ಲೇ ಹಾಕಿ ಕ್ಯಾಮೆರಾವನ್ನು ನನ್ನ ಸೇಫ್ಟಿಯ ಬೆನ್ನ ಹಿಂದಕ್ಕೆ ಒಯ್ದ. ಹಸಿರು ಮೈದಾನ ಉದ್ದಕ್ಕೆ ಬಿದ್ದುಕೊಂಡಿತ್ತು. ಆಚೆ ತುದಿಯಲ್ಲಿ ಗುಂಪು, ಗದ್ದಲ. ಈಚೆ ನನ್ನವನು ಒಬ್ಬನೇ, ಕೈ ಇಳಿಬಿಟ್ಟುಕೊಂಡು. ಆ ಗುಂಪಿನಲ್ಲಿ ಎಲ್ಲರ ತಲೆಯೂ ಚೆಂಡಿನ ಕಡೆ ಇತ್ತು, ಒಂದು ತಲೆಯನ್ನು ಬಿಟ್ಟು. ರನ್ನಿಂಗ್ ಬ್ಯಾಕ್ ನೇರವಾಗಿ ನಮ್ಮ ಕಡೆ ನೋಡುತ್ತಿದ್ದ. ಮೊಣಕಾಲು ಬಾಗಿಸಿ, ಕೈ ಮುಂದೆ ಮಾಡಿ, ಯಾರನ್ನೋ ತಡೆಯಲು ಸಿದ್ಧನಾಗಿ ನಿಂತಿದ್ದ.

"ಇವ ಯಾರ್ನ ಕಾಯಾಕತ್ತಾನ್ರಿ?" ಎಂದ ಶರಣು.

ಅವನು ಕಾಯುತ್ತಿದ್ದದ್ದು ನನ್ನನ್ನು.

ಆಮೇಲಿನದು ಬೇಗ ಆಯಿತು. "ಮೇಡಂ, ಈ ಸಲ ಮುಂದಕ್ಕ ಓಡಿ ಬರ್ರಿ" ಎಂದ. ನಾನು ಓಡಿಸಿದೆ. ರನ್ನಿಂಗ್ ಬ್ಯಾಕ್ ತಕ್ಷಣ ತಿರುಗಿ ಶರಣುವಿನವನನ್ನು ತಡೆದ. ನಾನು ನಿಂತೆ, ದೋಷ ಬಂತು. ಓಡಿದೆ, ಹೋಯಿತು. ಕಾರಣ ಆಮೇಲೆ ತಿಳಿಯಿತು: ಮನುಷ್ಯರು ಆಡಿಸುವ ಆಟಗಾರನೇ ಹೆಚ್ಚು ಅಪಾಯ ಎಂದು ಕಂಪ್ಯೂಟರಿಗೆ ಯಾರೋ ಹೇಳಿಕೊಟ್ಟಿದ್ದರು. ಅಂಥವರು ಇಬ್ಬರಿದ್ದರೆ ಅದು ಕೊನೆಗೆ ಸೇರಿಕೊಂಡವನನ್ನು, ಅಂದರೆ ಎರಡನೇ ಕಂಟ್ರೋಲರಿನವನನ್ನು, ಆರಿಸುತ್ತಿತ್ತು. ಅವನು ಅಲುಗಾಡಿದರೆ ಲೆಕ್ಕ ಹೊಸದಾಗುತ್ತಿತ್ತು. ಅಲುಗಾಡದೆ ನಿಂತರೆ ಬರುತ್ತಾನೆ, ಈಗ ಬರುತ್ತಾನೆ ಎಂದು ಕಾಯುತ್ತಲೇ ಇರುತ್ತಿತ್ತು. ಇಪ್ಪತ್ತರ ಹುಡುಗರಲ್ಲಿ ಕೈಗೆ ಕಂಟ್ರೋಲರ್ ಕೊಟ್ಟರೆ ಸುಮ್ಮನೆ ನಿಲ್ಲುವವರು ಯಾರಿದ್ದಾರೆ? ಇಲ್ಲೂ ಇರಲಿಲ್ಲ, ಅಮೆರಿಕದಲ್ಲೂ ಇರಲಿಲ್ಲ.

ನಾನು ರಿಪೋರ್ಟನ್ನು ಹೊಸದಾಗಿ ಬರೆದೆ. ನಾಲ್ಕನೇ ಹಂತಕ್ಕೆ ಹೀಗೆ ಹಾಕಿದೆ: ಎರಡನೇ ಆಟಗಾರ ಸೇಫ್ಟಿಯನ್ನು ಹಿಡಿದುಕೊಂಡು ಏನೂ ಮಾಡಬಾರದು.

ಊಟ ಮುಗಿಸಿ ಬಂದ ಪ್ರದೀಪ್ ಓದಿ ತಲೆ ಕೆರೆದುಕೊಂಡ. "ಏನೂ ಮಾಡ್ದೇ ಇರೋದು ಹೆಂಗೆ ಮೇಡಂ ಸ್ಟೆಪ್ ಆಗುತ್ತೆ?"

"ಕುಕ್ಕರ್ ಇಳಿಸಿದ್ಮೇಲೆ ಸ್ವಲ್ಪ ಹೊತ್ತು ಮುಟ್ಬೇಡಿ ಅಂತ ನಿಮ್ಮಮ್ಮ ಹೇಳಲ್ವೇನಪ್ಪ? ಅದನ್ನ ಬಿಟ್ಟು ಅಡಿಗೆ ಹೇಳ್ಕೊಟ್ರೆ ಏನಾಗುತ್ತೆ?"

"ಮುಖಕ್ಕೆ ಹಾರುತ್ತೆ" ಎಂದ. ನಕ್ಕ. ನನ್ನ ಕಣ್ಣೆದುರೇ ಆಡಿಸಿ ನೋಡಿ, ಆಮೇಲೆ ಕಳಿಸಿದ.

ಸಂಜೆ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಆ ಕಡೆಯವರು ಇಬ್ಬರನ್ನು ಕೂರಿಸಿಕೊಂಡು ಆಡಿದರು. ಮೊದಲ ಸಲ ಬರಲಿಲ್ಲ. ಶರಣು ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ನಾನು ಪ್ರದೀಪನ ಕಿವಿಯಲ್ಲಿ ಹೇಳಿದೆ, "ಎರಡನೆಯವರಿಗೆ ಕಂಟ್ರೋಲರ್ ಕೆಳಗಿಡೋಕೆ ಹೇಳಿ." ಅವನು ಹೇಳಿದ. ಒಬ್ಬರೇ ಬಟನ್ ಒತ್ತುವ ಸದ್ದು ಕೇಳಿತು. ಆಮೇಲೆ ಆ ಕಡೆಯಿಂದ ಯಾರೋ ಜೋರಾಗಿ ನಕ್ಕರು. ಬಂತು ಎಂದರು. ಇದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ಪ್ರದೀಪ್ ಇಂಗ್ಲಿಷಿನಲ್ಲಿ ಏನೋ ಹೇಳಹೊರಟಾಗ ಶರಣು ಫೋನಿನ ಹತ್ತಿರ ಬಗ್ಗಿ ಅಚ್ಚ ಕನ್ನಡದಲ್ಲಿ ಹೇಳಿಯೇಬಿಟ್ಟ: "ನಮ್ಮ ಮೇಡಂ ಸುಮ್ನ ನಿಂತಿದ್ರರಿ ಸರ!"

ಅವನ ಕೆಲಸ ಉಳಿಯಿತು. ಖಾಯಂ ಕೂಡ ಆಯಿತು. ಸೋಮವಾರ ಮಧ್ಯಾಹ್ನ ಹುಡುಗರು ಅವನ ಹೆಗಲ ಮೇಲೆ ಕೈಹಾಕಿ ದರ್ಶಿನಿಗೆ ಕರೆದೊಯ್ದರು. "ಮೇಡಂ, ನೀವೂ ಬರ್ರಿ" ಎಂದ ಬಾಗಿಲಲ್ಲಿ ನಿಂತು. "ಡಬ್ಬಿ ಇದೆಯಪ್ಪ, ಹೋಗ್ಬಾ" ಎಂದೆ. ಮೊದಮೊದಲು ವಾರದಲ್ಲಿ ಒಂದೆರಡು ದಿನ ನನ್ನ ಜೊತೆ ಕೂರುತ್ತಿದ್ದ. ಆಮೇಲೆ ಅವನಿಗೆ ಮೇಲಿನ ಮಹಡಿಯಲ್ಲಿ ಬೇರೆ ಆಟ ಸಿಕ್ಕಿತು. ಮನೆಯಿಂದ ರೊಟ್ಟಿ ಬಂದ ದಿನ ಮಾತ್ರ ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ತಿದ್ದಿದ ಆಟ ಕೆಲ ದಿನಗಳ ನಂತರ ಬಂತು. ದೋಷ ನಿಜಕ್ಕೂ ಹೋಗಿದೆಯೇ ಎಂದು ನೋಡಿ ಆ ರಿಪೋರ್ಟನ್ನು ಮುಗಿಸಬೇಕಿತ್ತು. ಎರಡನೇ ಆಟಗಾರನ ಜಾಗಕ್ಕೆ ನನ್ನನ್ನೇ ಕರೆದರು. ನಾನು ಸೇಫ್ಟಿಯನ್ನು ಹಿಡಿದು ನಿಂತೆ. ರೀಪ್ಲೇಯಲ್ಲಿ ಕ್ಯಾಮೆರಾವನ್ನು ನನ್ನ ಬೆನ್ನ ಹಿಂದಕ್ಕೆ ತರಿಸಿದೆ. ಮೈದಾನ ಮೊದಲಿನ ಹಾಗೇ ಉದ್ದಕ್ಕೆ ಬಿದ್ದಿತ್ತು. ರನ್ನಿಂಗ್ ಬ್ಯಾಕ್ ನುಗ್ಗಿದವನನ್ನು ಅಚ್ಚುಕಟ್ಟಾಗಿ ತಡೆದ. ನನ್ನ ಕಡೆ ತಿರುಗಲಿಲ್ಲ. ಮೂರು ಸಲ ನೋಡಿದೆ. ಸರಿಯಾಗಿದೆ ಎಂದು ಬರೆದು ಸಹಿ ಹಾಕಿದೆ.

ಆಮೇಲೆ ಇನ್ನೂ ಹಲವು ವರ್ಷ ಇದೇ ಕೆಲಸ ಮಾಡಿದೆ. ಹೊಸದಾಗಿ ಸೇರಿದವರಿಗೆ ರಿಪೋರ್ಟ್ ಬರೆಯುವುದನ್ನು ಕಲಿಸುವಾಗ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ. ಏನಾದರೂ ನಡೆದಾಗ ಓಡಿದವರು ಯಾರು, ಒತ್ತಿದವರು ಯಾರು ಎಂದು ಎಲ್ಲರೂ ಬರೆಯುತ್ತಾರೆ. ಆಗ ಕೋಣೆಯಲ್ಲಿ ಸುಮ್ಮನೆ ಇದ್ದವರು ಯಾರು ಎಂದು ಒಮ್ಮೆ ತಿರುಗಿ ನೋಡಿ, ಅವರ ಹೆಸರನ್ನೂ ಸೇರಿಸಿ.