ಆರ್ಲಿಸ್ ಕಂಡುಕೊಂಡ ಅಳತೆ

ಮೊಂಟಾನಾದ ರೌಂಡಪ್ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದ ಆರ್ಲಿಸ್‌ಗೆ ಗಂಡನ ಕೋವಿಮದ್ದಿನ ಮೇಜೆಂದರೆ ಧೂಳು ಕೂಡ ಒರೆಸಬಾರದ ಜಾಗ. ಆರಿನ್ ತನ್ನ ರೈಫಲ್ಲಿನ ಕಾಡತೂಸುಗಳನ್ನು ತಾನೇ ತುಂಬಿಕೊಳ್ಳುವವನು. ಅಂಗಡಿಯಲ್ಲಿ ಸಿಗುವ ಕಾಡತೂಸು ಕಂಡರೆ ಮೂಗು ಮುರಿಯುವವನು. ನಡುಕದ ಕಾಯಿಲೆ ಅವನ ಕೈಗಳಿಗೆ ಹಿಡಿದ ವರ್ಷ ಮದ್ದು ಅರ್ಧ ಕಾಡತೂಸಿನ ಹಿತ್ತಾಳೆಯ ಕೊಳವೆಗೆ, ಅರ್ಧ ನೆಲಕ್ಕೆ ಬಿತ್ತು. ಮೇಜಿಗೆ ಬಟ್ಟೆ ಹೊದಿಸಿ ಎದ್ದವನು ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ಒಂದು ಭಾನುವಾರ ತಿಂಡಿಯಾದ ಮೇಲೆ ಆರ್ಲಿಸ್ ಆ ಬಟ್ಟೆ ತೆಗೆದಳು.

"ನಂಗೆ ಹೇಳ್ಕೊಡು."

"ಇದು ಸೇಬಿನ ಪೈ ಅಲ್ಲ ಕಣೇ."

"ಪೈ ಆಗಿದ್ರೆ ನಿಂಗೆ ಹೇಳ್ಕೊಡೋಕೆ ಬರ್ತಿರ್ಲಿಲ್ಲ ಬಿಡು."

ಮದ್ದು ತೂಗುವುದು ಅವಳಿಗೆ ಬೇಗ ಕೈಹತ್ತಿತು. ತೊಡಕಾದದ್ದು ಗುಂಡನ್ನು ಕೊಳವೆಯ ಬಾಯೊಳಗೆ ಎಷ್ಟು ಆಳಕ್ಕೆ ಕೂರಿಸಬೇಕೆಂಬುದು. ಆರಿನ್ನನ ಹಳೆಯ ಅಳತೆಯಲ್ಲೇ ಕೂರಿಸಿ, ಊರಾಚೆಯ ಜಲ್ಲಿಗುಂಡಿಗೆ ಹೋಗಿ ಮರಳುಚೀಲದ ಮೇಲೆ ರೈಫಲ್ ಇಟ್ಟು ಹೊಡೆದಳು. ತವರಿನ ಹೊಲದಲ್ಲಿ ಮೊಲ ಹೊಡೆದು ಬೆಳೆದವಳ ಮೂರು ಗುಂಡುಗಳು ಮೂರು ದಿಕ್ಕಿಗೆ ಹೋದವು.

"ನಿನ್ನ ಅಳತೆ ಸರಿಯಿಲ್ಲ."

"ಮೂವತ್ತು ವರ್ಷದ ಅಳತೆ ಅದು!"

"ರೈಫಲ್ಲಿನ ನಳಿಗೆಗೂ ಮೂವತ್ತು ವರ್ಷ ಆಯ್ತಲ್ಲ. ಸವೆದಿರಲ್ವಾ?"

ಮನೆಗೆ ಬಂದ ಆರಿನ್ ಮೇಣದಬತ್ತಿಯೊಂದನ್ನು ಹುಡುಕಿ ತಂದ. ಆಮೇಲೆ ಮೆಲ್ಲಗೆ ದಾರಿ ತೋರಿಸಿದ. ಮದ್ದಿಲ್ಲದ ಕೊಳವೆಗೆ ಗುಂಡು ಸಿಕ್ಕಿಸಿ, ಮೇಣದಬತ್ತಿಯ ಮಸಿ ಹಿಡಿಸಿ, ರೈಫಲ್ಲಿನೊಳಗೆ ತಳ್ಳಿ ಹೊರತೆಗೆದರು. ನಳಿಗೆಯೊಳಗಿನ ಸುರುಳಿಗೆರೆಯ ಅಂಚು ಗುಂಡಿಗೆ ತಾಗಿದಲ್ಲಿ ಮಸಿಯ ಮೇಲೆ ಗೀರು ಬಿದ್ದಿತ್ತು.

"ಅಲ್ಲಿಂದ ಕೂದಲೆಳೆಯಷ್ಟು ಹಿಂದೆ. ಹತ್ರ ಇರ್ಬೇಕು, ತಾಗ್ಬಾರ್ದು. ತಾಗಿದ್ರೆ ಒತ್ತಡ ಏರುತ್ತೆ."

"ಮದುವೆಗೆ ಮುಂಚೆ ನಮ್ಮಪ್ಪ ನಿಂಗೆ ಹೇಳಿದ್ದೂ ಇದನ್ನೇ."

ಎಷ್ಟೋ ದಿನದ ಮೇಲೆ ಆರಿನ್ ಬಾಯ್ತುಂಬ ನಕ್ಕ.

ಅಲ್ಲಿಂದ ಪ್ರತಿ ಸಲವೂ ಗುಂಡನ್ನು ಕೊಳವೆಯ ಇನ್ನಷ್ಟು ಒಳಗೆ ಕೂರಿಸುತ್ತ ಆರ್ಲಿಸ್ ಮೂರು ಮೂರು ಕಾಡತೂಸು ತುಂಬಿದಳು. ನಾಲ್ಕನೆಯ ಸಲ ಹೊಡೆದಾಗ ಕಾಗದದ ಮೇಲಿನ ಮೂರು ತೂತುಗಳೂ ಅವಳ ಹೆಬ್ಬೆರಳಿನಡಿ ಮುಚ್ಚಿಹೋದವು. ಆರಿನ್ ಆ ಕಾಗದವನ್ನು ಹಿಡಿದು ನೋಡಿದ. ಅದು ಅವನ ಕೈಯಲ್ಲಿ ಪಟಪಟನೆ ಅದುರಿತು. ಆರ್ಲಿಸ್ ಇನ್ನೊಂದು ತುದಿ ಹಿಡಿದುಕೊಂಡಳು.

"ನನಗೆ ಯಾವತ್ತೂ ಇಷ್ಟು ಚೆನ್ನಾಗಿ ಬಂದಿಲ್ಲ," ಎಂದ.

ನವೆಂಬರಿನಲ್ಲಿ ಬೇಟೆಗೆ ಇಬ್ಬರೂ ಹೋದರು. ಆರಿನ್ ದುರ್ಬೀನಿನಲ್ಲಿ ಜಿಂಕೆಯನ್ನು ತೋರಿಸಿದ, ಆರ್ಲಿಸ್ ಹೊಡೆದಳು. ಒಂದೇ ಗುಂಡಿಗೆ ಅದು ಬಿತ್ತು. ಹತ್ತಿರ ಹೋಗಿ ಅದರ ಬೆಚ್ಚನೆಯ ಕತ್ತು ಮುಟ್ಟಿದ ಆರ್ಲಿಸ್‌ಗೆ ಅಳು ತಡೆಯಲಾಗಲಿಲ್ಲ.

"ಅಳು, ಪರವಾಗಿಲ್ಲ. ಮೊದಲನೇ ಜಿಂಕೆ ಹೊಡೆದಾಗ ನಾನೂ ಅತ್ತಿದ್ದೆ," ಎಂದು ಆರಿನ್ ಪಕ್ಕದಲ್ಲೇ ಹಿಮದ ಮೇಲೆ ಕುಳಿತ.

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೋ!"

"ನೀನು ಕೇಳಿದ್ಯಾ?"

ಏಳುವಾಗ ಇಬ್ಬರ ಮಂಡಿಗಳೂ ಹಿಡಿದುಕೊಂಡಿದ್ದವು. ಒಬ್ಬರ ಹೆಗಲನ್ನೊಬ್ಬರು ಹಿಡಿದು, ಎರಡು ಸಲ ಜಾರಿ ಬಿದ್ದು, ನಗುತ್ತಲೇ ಎದ್ದರು.