ಮೇಡಂಗೆ ಉಡಿ ತುಂಬಿದ್ದು

ದಿಲ್ಲಿಯಲ್ಲಿ ಮಗಳು ಶ್ವೇತಾಳ ಬೆಳಗು ಎಂದಿನಂತೆ: ನಿಂತೇ ಒಂದು ರೊಟ್ಟಿ, ಕೊರಳಿಗೆ ಐಡಿ ಕಾರ್ಡು, ಮೆಟ್ರೊಗೆ ಓಟ. ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಆಕೆ ಇಂಟರ್ನ್. ಅವಧಿ ಮುಗಿಯುತ್ತ ಬಂದಿದೆ. ಮುಂದುವರಿಸುವುದು ಮೇಲಧಿಕಾರಿಯ ಕೈಯಲ್ಲಿ. ಇವತ್ತು ಆಫೀಸು ತೋರಿಸಲು, ನಮ್ಮೂರು ಆದೋನಿಯಿಂದ ಬಂದಿದ್ದ ನನ್ನನ್ನೂ ಕರೆದೊಯ್ದಳು.

ಮೇಲಧಿಕಾರಿ ವಿದೇಶದ ಹೆಂಗಸು. ಮಗಳಿಗೆ ಕೆಲಸ ಕಲಿಸಿದ ಹೆಣ್ಣುಮಗಳನ್ನು ಬರಿದೆ ಮಾತಾಡಿಸಿ ಬರುವುದು ಹೇಗೆ? ಆದೋನಿಯಲ್ಲಿ ಮಾಡುವಂತೆಯೇ ಕುಂಕುಮ ಹಚ್ಚಿ, ಎಮ್ಮಿಗನೂರಿನ ಕುಪ್ಪಸದ ಖಣ, ತೆಂಗಿನಕಾಯಿ ಉಡಿಗೆ ಹಾಕಿದೆ. ಸೆರಗಿಲ್ಲದ್ದರಿಂದ ಅವರು ಪಾಪ, ಕೋಟಿನ ಅಂಚನ್ನೇ ಒಡ್ಡಿದರು.

ಶ್ವೇತಾಳ ಮುಖ ಬಿಳಿಚಿಕೊಂಡಿತು. "ಅವ್ವಾ, ಇಲ್ಲಿ ಯಾರೂ ಏನೂ ತಗೊಳ್ಳಂಗಿಲ್ಲ! ಲಂಚ ಕೊಟ್ಟಂಗ ಆತು!"

ನಾನು ಅವಳ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಿ ಕ್ಷಮೆ ಕೇಳಿದೆ. ಮೇಡಂ ಖಣ, ಕಾಯಿ ಎರಡನ್ನೂ ನನ್ನ ಸೆರಗಿಗೆ ಮರಳಿಸಿ ನಕ್ಕರು: "ಅವಳನ್ನು ಮುಂದುವರಿಸಿ ನಿನ್ನೆಯೇ ಸಹಿ ಹಾಕಿದ್ದೇನೆ. ನಿಮ್ಮ ಲಂಚ ತಡವಾಯಿತು." ಕುಂಕುಮವನ್ನು ಮಾತ್ರ ಒರೆಸಿಕೊಳ್ಳದೆ ಮೀಟಿಂಗಿಗೆ ಹೋದರು.

ಸಂಜೆ, ಪಕ್ಕದ ಮನೆಯ ಬಳ್ಳಾರಿ ಕಡೆಯ ಸುಶೀಲಕ್ಕನಿಗೆ ಆ ಖಣ ಕೊಟ್ಟು ನಡೆದದ್ದನ್ನು ಹೇಳಿದೆ. ಅವರು ಅದನ್ನು ಬಿಡಿಸಿ ಅಂಚು ಸವರುತ್ತ, "ನಾ ನೌಕರಿಗೆ ಹೋಗದಿದ್ದದ್ದು ಚಲೋ ಆತು ನೋಡ್ರಿ," ಅಂದರು.