ಏನೂ ಕೆಡದೆ ನಿಂತ ಗಿರಣಿ

1974ನೇ ಇಸವಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಜನವರಿ 7ರ ಸೋಮವಾರ ನಾನು ಸೇಡಂನ ಒಂದು ತೊಗರಿ ಬೇಳೆ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತೊಂದು ವರ್ಷ. ಊರು ಚಿತ್ತಾಪುರ. ಗುಲಬರ್ಗಾದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಆರು ತಿಂಗಳು ಮನೆಯಲ್ಲಿ ಕುಳಿತಿದ್ದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸವಿತ್ತು. ಎದ್ದ ಹೊತ್ತು, ಬಸ್ಸು ತಡವಾದ ನಿಮಿಷ, ಓದಿದ ಪುಟಗಳ ಸಂಖ್ಯೆ, ಹೀಗೆ ಎಣಿಸಲು ಬರುವುದೆಲ್ಲ ಅದರಲ್ಲಿರುತ್ತಿತ್ತು. ಆ ವರ್ಷದ ದಿನಚರಿ ಈಗಲೂ ನನ್ನ ಬಳಿ ಇರುವುದರಿಂದ ತಾರೀಖುಗಳನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಗಿರಣಿಯಲ್ಲಿ ಒಂದೇ ಎಂಜಿನ್ನು. ಅದರಿಂದ ಉದ್ದನೆಯ ಪಟ್ಟಾಗಳು, ಅಂದರೆ ಬೆಲ್ಟುಗಳು, ಹೊರಟು ಎಲ್ಲ ಯಂತ್ರಗಳನ್ನೂ ತಿರುಗಿಸುತ್ತಿದ್ದವು. ಅಂಗಳದಲ್ಲಿ ಒಣಗಿದ ತೊಗರಿಯನ್ನು ಹನ್ನೆರಡು ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಒಳಗೆ ನೆಲದಲ್ಲಿ ತೋಡಿದ ಕುಣಿಗೆ ಸುರಿಯಬೇಕು. ಅಲ್ಲಿಂದ ಎಲಿವೇಟರ್, ಅಂದರೆ ಪಟ್ಟಾಕ್ಕೆ ಜೋಡಿಸಿದ ಡಬ್ಬಿಗಳ ಸಾಲು, ಕಾಳನ್ನು ಮೇಲಕ್ಕೆ ಒಯ್ಯುತ್ತಿತ್ತು. ಕುಣಿ ಬರಿದಾಗಬಾರದು. ಹೆಂಗಸರು ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುತ್ತಲೇ ಇರಬೇಕು. ಸಾಲು ತುಂಡಾದರೆ ಕೂಲಿಯವರ ಮೇಲ್ವಿಚಾರಕನಾದ ಮುಕಾದಮ ಕೂಗುತ್ತಿದ್ದ.

ನಾನು ಸೇರಿದ ದಿನವೇ ಗಿರಣಿ ಮೂರು ಸಲ ನಿಂತಿತು. ಪ್ರತಿ ಸಲವೂ ಒಂದೇ ರೀತಿ. ಎಲ್ಲರೂ ಓಡಿ ಬಂದು ಸುತ್ತ ನಿಲ್ಲುತ್ತಿದ್ದರು. "ಮೇಸ್ತ್ರಿಗಿ ಕರೀರಿ" ಎಂದು ನಾಲ್ಕು ಬಾಯಿ ಕೂಗುತ್ತಿದ್ದವು. ಆಡಕಿಯ ಸಿದ್ರಾಮಪ್ಪ ಮೇಸ್ತ್ರಿ ಅಂಗಿಯ ತೋಳು ಮಡಚುತ್ತ ಬರುತ್ತಿದ್ದರು. ಐವತ್ತರ ಆಸುಪಾಸಿನವರು. ತಂತಿಯೋ, ಗೋಣಿ ದಾರವೋ, ಸೈಕಲ್ ಟ್ಯೂಬಿನ ತುಂಡೋ, ಕೈಗೆ ಸಿಕ್ಕಿದ್ದರಲ್ಲೇ ಅರ್ಧ ತಾಸಿನಲ್ಲಿ ಗಿರಣಿ ನಡೆಸಿಬಿಡುತ್ತಿದ್ದರು. ಮಾಲೀಕರಾದ ಚನ್ನಬಸಪ್ಪ ಸಾವಕಾರರು ಗದ್ದಿಗೆಯಿಂದ ಎದ್ದು ಬಂದು ಮೇಸ್ತ್ರಿಯ ಬೆನ್ನು ತಟ್ಟಿ ಎಲ್ಲರಿಗೂ ಮಿರ್ಚಿ ಭಜಿ, ಚಹಾ ತರಿಸುತ್ತಿದ್ದರು. ಗಿರಣಿ ಸುಸೂತ್ರವಾಗಿ ಓಡಿದ ಹೊತ್ತಿನಲ್ಲಿ ಯಾರೂ ಯಾರ ಬೆನ್ನನ್ನೂ ತಟ್ಟುತ್ತಿರಲಿಲ್ಲ.

ನಾನು ಲೆಕ್ಕ ಇಡತೊಡಗಿದೆ. ಇಪ್ಪತ್ತನಾಲ್ಕು ದಿನಗಳಲ್ಲಿ ಐವತ್ತೆಂಟು ಸಲ ನಿಂತಿತ್ತು. ಪಟ್ಟಾದ ಜೋಡು ಕಿತ್ತು ಇಪ್ಪತ್ತೇಳು ಸಲ, ಎಲಿವೇಟರಿನ ಕೆಳಗಿನ ಬೇರಿಂಗ್ ಹಿಡಿದು ಇಪ್ಪತ್ಮೂರು, ಜರಡಿಯಿಂದ ಐದು, ಉಳಿದದ್ದು ಮೂರು. ಹೊಸ ಕಾಯಿಲೆ ಯಾವುದೂ ಇರಲಿಲ್ಲ. ನಿನ್ನೆ ದಾರದಲ್ಲಿ ಕಟ್ಟಿದ್ದೇ ಇವತ್ತು ಹರಿಯುತ್ತಿತ್ತು.

ಫೆಬ್ರುವರಿ 3ರ ಭಾನುವಾರ ಲೆಕ್ಕದ ಪುಸ್ತಕ ಹಿಡಿದುಕೊಂಡು ಸಾವಕಾರರ ಮುಂದೆ ಕುಳಿತೆ. ಪ್ರತಿ ಸೋಮವಾರ ಬೆಳಿಗ್ಗೆ ಮೂರು ತಾಸು ಗಿರಣಿ ನಿಲ್ಲಿಸಿ, ಪಟ್ಟಾಗಳ ಜೋಡು ಸರಿಮಾಡಿ, ಬೇರಿಂಗ್ ತೊಳೆದು ಗ್ರೀಸು ತುಂಬಬೇಕು ಎಂದೆ.

"ಸೀಜನ್‌ನಾಗ ಗಿರಣಿ ನಿಂದರಸು ಅಂತೀಯಲ್ಲ ತಮ್ಮಾ. ಹೊರಗ ಬಂಡಿ ಎಷ್ಟು ನಿಂತಾವ ನೋಡಿಯೇನು?" ಎಂದರು.

"ಹದಿನೇಳು ನಿಂತಾವ್ರಿ."

ಅವರಿಗೆ ನಗು ಬಂತು. "ಅದನ್ನೂ ಎಣಿಸಿ ಬಂದೀಯೇನು?"

"ನಾವು ನಿಂದರಸದಿದ್ರೂ ಅದು ತಾನೇ ನಿಂದರಲಿಕತ್ತದ್ರಿ. ವಾರಕ್ಕ ಏಳೆಂಟು ತಾಸು ಹೋಗ್ತದ. ನಾ ಮೂರು ತಾಸು ಕೇಳಲಿಕತ್ತೀನಿ."

ಸಾವಕಾರರು ಪುಸ್ತಕವನ್ನು ಎರಡು ಸಲ ತಿರುವಿದರು. ಆಮೇಲೆ, "ಒಂದು ತಿಂಗಳು ಕೊಡ್ತೀನಿ. ಮಾರ್ಚ್ ನಾಲ್ಕರ ತನಕ. ಆಮ್ಯಾಲೂ ಹಿಂಗೇ ನಿಂತ್ರ ನಿನ್ನ ಪುಸ್ತಕ ತಗೊಂಡು ಚಿತ್ತಾಪುರದ ಬಸ್ ಹತ್ತಬೇಕು, ನೋಡು" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮೇಸ್ತ್ರಿಗೆ ಇದು ಸರಿಬರಲಿಲ್ಲ. ನನಗೆ ಕೇಳಿಸುವಂತೆಯೇ ಎಂಜಿನ್ ಡ್ರೈವರನಿಗೆ ಹೇಳಿದರು: "ಇಪ್ಪತ್ತು ವರ್ಷದಿಂದ ಈ ಗಿರಣಿ ಬಿದ್ದಾಗೆಲ್ಲ ನಾ ಎತ್ತಿ ನಿಂದರಿಸೀನಿ. ಈಗ ಸಾಹೇಬ ಗೀಟು ಹಾಕಿ ನಡಸ್ತಾನಂತ." ಆದರೆ ಸೋಮವಾರ ಬಂದರು, ಹೇಳಿದ ಕೆಲಸ ಮಾಡಿದರು. ಅವರ ಕೈ ನಿಜವಾಗಿಯೂ ಒಳ್ಳೆಯ ಕೈ. ಮೊದಲ ವಾರ ಗಿರಣಿ ಮೂರು ಸಲ ನಿಂತಿತು. ಎರಡನೆಯ ವಾರ ಒಂದೇ ಸಲ, 12ನೇ ತಾರೀಖು. ಅಲ್ಲಿಂದ ಮುಂದೆ ನಿಲ್ಲಲೇ ಇಲ್ಲ. ಹದಿಮೂರು ದಿನ.

ಎಲ್ಲರೂ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮೇಸ್ತ್ರಿ ಮಗುಚಿಟ್ಟ ಡಬ್ಬಿಯ ಮೇಲೆ ನಟ್ಟು ಬಿಗಿಯುವ ಪಾನಾ ಹಿಡಿದು ಕುಳಿತಿರುತ್ತಿದ್ದರು. ಅವರನ್ನು ಕರೆಯುವವರೇ ಇರಲಿಲ್ಲ. ಗಂಡಸರ ಮುಖ ಬಿಗಿದಿತ್ತು. ಹೆಂಗಸರಲ್ಲಿ ಹಿರಿಯಳಾದ ಈರಮ್ಮ ಒಂದು ದಿನ ಬುಟ್ಟಿ ಹೊತ್ತು ಹೋಗುತ್ತ, "ಸಾಹೇಬ್ರ, ನಿಮ್ಮ ಪುಸ್ತಕ ನಮ್ಮ ಭಜಿ ತಿಂದುಬಿಡ್ತು ನೋಡ್ರಿ" ಎಂದಳು. ಸಾಲೆಲ್ಲ ನಕ್ಕಿತು. ಭಜಿಯ ಸಿಟ್ಟು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ.

ಫೆಬ್ರುವರಿ 26, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲಿವೇಟರ್ ನರಳಿದಂತೆ ಸದ್ದು ಮಾಡಿ ನಿಂತಿತು. ಜನ ಓಡಿ ಬಂದರು. "ಮೇಸ್ತ್ರಿಗಿ ಕರೀರಿ" ಎಂದು ಕೂಗಿದರು. ಆ ಕೂಗು ಕೇಳಿ ಎಷ್ಟು ದಿನವಾಗಿತ್ತೋ, ಮೇಸ್ತ್ರಿ ಹುಡುಗನಂತೆ ಎದ್ದು ಬಂದರು. ಎಲಿವೇಟರಿನ ಬುಡದಲ್ಲಿ ಒಂದು ಸಣ್ಣ ಬಾಗಿಲಿದೆ. ಅದನ್ನು ತೆಗೆದು ಒಳಗೆ ಕೈ ಹಾಕಿದರು. ಏನನ್ನೋ ಎಳೆದು ತೆಗೆದವರು ತಕ್ಷಣ ಅದನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡರು. ಜನ ಚದುರಿದ ಮೇಲೆ ನನ್ನನ್ನು ಚೀಲಗಳ ಹಿಂದಕ್ಕೆ ಕರೆದು ಕೈಗೆ ಕೊಟ್ಟರು. ಸಿಂಬೆ. ಬುಟ್ಟಿಯ ಕೆಳಗೆ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುತ್ತು. ಗೋಣಿಯ ಮೇಲೆ ಹಸಿರು ಸೀರೆಯ ತುಂಡು ಸುತ್ತಿ ಹೊಲಿದದ್ದು.

"ನಾ ಹಾಕಿದ್ದಲ್ಲ" ಎಂದರು.

"ನೀವು ಹಾಕಿದ್ದಂತ ನಾ ಎಲ್ಲಿ ಅಂದೆ?"

"ಅನ್ನೂದ್ರಾಗ ಇದ್ದಿ."

ಅವರು ಹೇಳಿದ್ದು ನಿಜ. ನಾನು ಅದನ್ನೇ ಯೋಚಿಸುತ್ತಿದ್ದೆ.

ಕುಣಿಯ ಬಾಯಿಗೆ ಕಬ್ಬಿಣದ ಜಾಲರಿ ಇತ್ತು. ಸಿಂಬೆ ಅದರೊಳಗಿಂದ ತಾನಾಗಿ ಬೀಳುವಂತಿರಲಿಲ್ಲ. ಯಾರೋ ಕೆಳಗಿನ ಬಾಗಿಲು ತೆಗೆದು ಹಾಕಿದ್ದರು. ಅದನ್ನು ತೆಗೆಯುವ ಬಗೆ ಸೋಮವಾರ ಅಲ್ಲಿ ಕಸ ಗುಡಿಸಿದ ಹೆಂಗಸರಿಗೆ ಗೊತ್ತಿತ್ತು. ತೋರಿಸಿಕೊಟ್ಟವನು ನಾನೇ.

ಅಂಗಳಕ್ಕೆ ಬಂದೆ. ಹೆಂಗಸರು ಬೇವಿನ ಮರದ ನೆರಳಲ್ಲಿ ಕುಳಿತಿದ್ದರು. ಬುಟ್ಟಿಗಳು ಸಾಲಾಗಿ ಬೋರಲಿದ್ದವು. ಪ್ರತಿ ಬುಟ್ಟಿಯ ಮೇಲೂ ಒಂದು ಸಿಂಬೆ. ಒಂದರ ಮೇಲೆ ಮಾತ್ರ ಇರಲಿಲ್ಲ. ಅದು ನಾಗಮ್ಮನ ಬುಟ್ಟಿ. ಇಪ್ಪತ್ತು ವರ್ಷದ ಹೆಣ್ಣುಮಗಳು. ಟೊಂಗೆಗೆ ಕಟ್ಟಿದ ಸೀರೆಯ ಜೋಲಿ ಬರಿದಾಗಿತ್ತು. ನಾಗಮ್ಮ ನನಗೆ ಬೆನ್ನು ಮಾಡಿ ಕುಳಿತು ಐದು ತಿಂಗಳ ಕೂಸಿಗೆ ಹಾಲು ಕುಡಿಸುತ್ತಿದ್ದಳು.

ನಾನು ದೂರದಲ್ಲೇ ಮುಖ ತಿರುಗಿಸಿ ನಿಂತೆ. "ನಾಗಮ್ಮ, ಈ ಸಿಂಬಿ ನಿಂದೇನು?" ಎಂದೆ.

"ನಂದೇ ಅದರಿ."

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. "ಯಾಕ ಹಾಕಿದಿ?"

"ಮೊದಲ ಮಿಷನ್ ತಾನೇ ಕೆಡತಿತ್ರಿ. ಮುಂಜಾನಿ ಒಮ್ಮೆ, ಸಂಜಿಮುಂದ ಒಮ್ಮೆ. ಆಗ ಬಂದು ಕುಡಸ್ತಿದ್ದೆ. ನೀವು ಅದನ್ನ ಬರೋಬ್ಬರಿ ಮಾಡಿದ್ರಿ. ಎರಡು ವಾರಾತು, ಉಣ್ಣೋ ಹೊತ್ತು ಬಿಟ್ಟರ ಕೂಸಿನ ಹತ್ರ ಬರಲಿಕ್ಕ ಆಗಿಲ್ಲ. ಎದಿ ಕಟ್ಟಿ ಜ್ವರ ಬಂದದ. ಕೂಸೂ ಸೊರಗಲಿಕತ್ತದ."

"ಕೇಳಬೇಕಿತ್ತಿಲ್ಲ?"

"ಯಾರಿಗಿ ಕೇಳಲ್ರಿ? ಸಾಲು ಬಿಟ್ಟರ ಮುಕಾದಮ ನಾಳಿಂದ ಬರಬ್ಯಾಡ ಅಂತಾನ."

ಪಕ್ಕದಲ್ಲಿದ್ದ ಈರಮ್ಮ ಈ ಸಲ ನಗಲಿಲ್ಲ. "ಎಲ್ಲಾ ಬರಕೋತೀರಿ ನೀವು. ಕೂಸು ಅಳೋದು ನಿಮಗ ಕೇಳಲಿಲ್ಲೇನು?" ಎಂದಳು.

ನಾಗಮ್ಮ ತಿರುಗದೆಯೇ, "ಇರಲಿ ಬಿಡವ್ವ. ಬರಕೊಂಡು ಸಾವಕಾರ್ರಿಗಿ ತೋರಸ್ಲಿ" ಎಂದಳು.

ಸಾವಕಾರರ ಗದ್ದಿಗೆಗೆ ಅಲ್ಲಿಂದ ಮೂವತ್ತು ಹೆಜ್ಜೆ ಇದ್ದೀತು. ಆ ದಾರಿಯಲ್ಲಿ ನಾನು ಯೋಚಿಸಿದ್ದು ನನ್ನ ಬಗ್ಗೆಯೇ. ಹೆಸರು ಹೇಳಿದರೆ ಇದು ಯಂತ್ರ ಕೆಟ್ಟದ್ದಲ್ಲ, ಕೆಡಿಸಿದ್ದು ಎಂದಾಗುತ್ತದೆ. ನನ್ನ ಹದಿಮೂರು ದಿನ ಹಾಗೇ ಉಳಿಯುತ್ತದೆ, ನೌಕರಿಯೂ ಉಳಿಯುತ್ತದೆ. ಅವಳ ಕೂಲಿ ಹೋಗುತ್ತದೆ. ಒಂದು ಗಳಿಗೆ ಅದೇ ನ್ಯಾಯ ಎಂದೂ ಅನಿಸಿತು. ಹಾಗೆ ಅನಿಸಿದ್ದನ್ನು ಇಲ್ಲಿ ಮುಚ್ಚಿಡಲಾರೆ.

ಮೇಸ್ತ್ರಿ ಆಗಲೇ ಅಲ್ಲಿ ನಿಂತಿದ್ದರು. ಸಾವಕಾರರು ಕೇಳಿದರು: "ಏನಾತು ತಮ್ಮಾ? ಹದಿಮೂರು ದಿನ ಅಂತ ಎದಿ ಉಬ್ಬಿಸಿ ಅಡ್ಡಾಡತಿದ್ದಿ."

"ಎಲಿವೇಟರ್ ಬುಡದಾಗ ಬಟ್ಟಿ ಸಿಕ್ಕಿತ್ರಿ."

"ಬಟ್ಟಿ ತಾನೇ ನಡದು ಹೋಗಿತ್ತೇನು? ಯಾರು ಹಾಕಿದ್ರು?"

"ಇದನ್ನ ನನ್ನ ಲೆಕ್ಕದಾಗ ಹಿಡೀರಿ" ಎಂದೆ. "ತಪ್ಪು ನಂದೇ ಅದ. ನಾ ಮಿಷನ್ ನಿಲ್ಲೋದಷ್ಟೇ ಎಣಸೀನಿ. ಅದು ನಿಂತಾಗ ಜನಾ ಏನು ಮಾಡ್ತಿದ್ರು ಅಂತ ನೋಡಿಲ್ಲ. ಹೆಣ್ಮಕ್ಕಳು ಕೂಸಿಗಿ ಹಾಲು ಕುಡಸೋದು, ಒಂದೀಟು ಕುಂಡ್ರೋದು ಆವಾಗಷ್ಟೇ ಆಗ್ತಿತ್ತು. ಹತ್ತಕ್ಕೊಮ್ಮೆ, ಮೂರಕ್ಕೊಮ್ಮೆ ಕಾಲು ತಾಸು ನಾವೇ ನಿಂದರಸೋಣ್ರಿ."

"ನಿಲ್ಲೋದು ಬಂದ್ ಮಾಡ್ತೀನಿ ಅಂತ ಬಂದಾಂವ, ಈಗ ದಿನಕ್ಕ ಎರಡು ಸಲ ನಿಂದರಸು ಅಂತೀ?" ಸಾವಕಾರರ ದನಿ ಏರಿತು. "ಕೂಸಿನವರು ಮೂರು ಮಂದಿ ಇದ್ದಾರ. ಹಾಕಿದಾಕಿ ಯಾರು, ಅದನ್ನ ಹೇಳು."

"ಅದನ್ನ ನಾ ಹೇಳೋದಿಲ್ರಿ" ಎಂದೆ. ಆಗ ಮೇಸ್ತ್ರಿ ಮುಂದೆ ಬಂದರು.

"ತೆಗದಾಂವ ನಾ ಅದೀನ್ರಿ ಸಾವಕಾರ್ರ. ಯಾರದಂತ ನನಗೂ ಗೊತ್ತದ. ನಾನೂ ಹೇಳೋದಿಲ್ಲ." ಆಮೇಲೆ ಮೆಲ್ಲಗೆ, "ಹೊಲದಾಗ ಎತ್ತಿಗಿ ನಡುವ ಬಿಚ್ಚಿ ನೀರು ಕುಡಸ್ತೀವಿ. ಅದು ಬೀಳೋ ತನಕ ಕಾಯೋದಿಲ್ಲ. ಹುಡುಗ ಕೇಳಲಿಕತ್ತಿದ್ದು ಬರೋಬ್ಬರಿ ಅದ. ಆ ಕಾಲು ತಾಸಿನಾಗ ನಾ ಪಟ್ಟಾ ನೋಡ್ತೀನಿ, ಬೇರಿಂಗಿಗಿ ಎಣ್ಣಿ ಬಿಡ್ತೀನಿ. ಸುಮ್ಮ ಡಬ್ಬಿ ಮ್ಯಾಲ ಕುಂತು ನನಗೂ ಸಾಕಾಗ್ಯದ" ಎಂದರು.

ಸಾವಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಒಂದು ವಾರ ನೋಡ್ತೀನಿ. ದಿನಕ್ಕ ಎರಡು ಸಲ ಭಜಿ ಮಾತ್ರ ಕೇಳಬ್ಯಾಡ್ರಿ" ಎಂದರು.

ಮರುದಿನ, ಬುಧವಾರ, ಹತ್ತು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ತೂಗುಹಾಕಿದ ಕಬ್ಬಿಣದ ತುಂಡನ್ನು ನಾನೇ ಬಾರಿಸಿದೆ. ಮೇಸ್ತ್ರಿ ಪಟ್ಟಾ ಸರಿಸಿದರು. ಸದ್ದು ನಿಂತಿತು. ಕೂಡಲೇ ಗಂಡಸರು ಓಡಿ ಬಂದು ಏನು ಮುರಿಯಿತು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಇಬ್ಬರು ಬಗ್ಗಿ ಎಲಿವೇಟರಿನ ಕೆಳಗೂ ನೋಡಿದರು. ವಿಷಯ ಹೇಳಿದ್ದರೂ ಯಾರಿಗೂ ನಂಬಿಕೆ ಬಂದಿರಲಿಲ್ಲ. ನಾಗಮ್ಮ ಬುಟ್ಟಿ ಹೊತ್ತು ಕುಣಿಯ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಕಪ್ಪಿಟ್ಟಿತು.

"ಈ ಸಲ ನಾ ಅಲ್ರಿ. ಏನು ಕೆಟ್ಟದ?"

"ಏನೂ ಕೆಟ್ಟಿಲ್ಲ."

"ಮತ್ಯಾಕ ನಿಂತದ?"

"ಹತ್ತು ಹೊಡದದ. ಕೂಸಿನ ಹತ್ರ ಹೋಗು."

ಅವಳು ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಎಣ್ಣೆ ಬಿಡುತ್ತ ತಲೆ ಆಡಿಸಿದರು. ಬುಟ್ಟಿ ಕೆಳಗಿಟ್ಟು ಬಾಗಿಲವರೆಗೆ ನಡೆದು ಹೋದಳು. ಅಲ್ಲಿಂದ ಮುಂದೆ ಓಡಿದಳು.

ಆ ಒಂದು ವಾರ ಮುಗಿದದ್ದನ್ನು ಸಾವಕಾರರು ಎಂದೂ ನೆನಪಿಸಲಿಲ್ಲ. ಅಲ್ಲಿಂದ ಸೀಜನ್ ಮುಗಿಯುವತನಕ ಗಿರಣಿ ತಾನಾಗಿ ಕೆಟ್ಟು ನಿಂತದ್ದು ನಾಲ್ಕೇ ಸಲ. ಅದು ನನ್ನ ಗೆಲುವು ಎಂದು ಜನ ಅಂದರು, ನಾನೂ ಸುಮ್ಮನೆ ಕೇಳಿಸಿಕೊಂಡೆ. ಆದರೆ ಈರಮ್ಮನ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಕೂಸು ಅಳುವುದು ನನಗೆ ಕೇಳಿತ್ತು. ದಿನವೂ ಕೇಳಿತ್ತು. ಫೆಬ್ರುವರಿ 13ರಿಂದ 25ರವರೆಗಿನ ಪುಟಗಳಲ್ಲಿ "ಇಂದು ಒಂದೂ ನಿಲುಗಡೆ ಇಲ್ಲ" ಎಂದು ಹದಿಮೂರು ಸಲ ದುಂಡಗೆ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಅಷ್ಟು ಸಂತೋಷದಿಂದ ಬರೆದ ಪುಟಗಳು ಆ ದಿನಚರಿಯಲ್ಲಿ ಬೇರೆ ಇಲ್ಲ. ಅವನ್ನು ತೆರೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.